ಮದುವೆ ಎಲ್ಲಿ? – ಅಂಗಳದಿಂದ ಛತ್ರದವರೆಗೆ

ಮದುವೆ ನಿಶ್ಚಯವಾದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಯಾವಾಗ?’ ಎಂಬುದು. ಅದರ ಬೆನ್ನಿಗೇ ಬರುವುದು ‘ಎಲ್ಲಿ?’ ಎಂಬುದು. ಮುಹೂರ್ತ ನೋಡಲು ಪಂಚಾಂಗವಿದೆ. ಸ್ಥಳ ನೋಡಲು ಅಂಥ ಪುಸ್ತಕವಿಲ್ಲ. ಆದರೆ ಕನ್ನಡ ನಾಡಿನಲ್ಲಿ ಮದುವೆಯ ಸ್ಥಳ ಬದಲಾದ ಬಗೆಯನ್ನು ಗಮನಿಸಿದರೆ ನಮ್ಮ ಸಮಾಜದ ಚರಿತ್ರೆಯ ಒಂದು ಭಾಗವೇ ಕಾಣಿಸುತ್ತದೆ. ಸ್ಥಳವನ್ನು ಆರಿಸುವುದೆಂದರೆ ಅಲ್ಲಿಗೆ ಯಾರು ಬರಬಹುದು, ಯಾರು ಎಲ್ಲಿ ಕೂರಬೇಕು, ಖರ್ಚನ್ನು ಯಾರು ಹೊರಬೇಕು ಎಂಬುದನ್ನೂ ಆರಿಸಿದಂತೆ.

ಅಂಗಳದ ಚಪ್ಪರ

ಹಿಂದೆ ಮದುವೆಗೆ ಮನೆಯೇ ಸ್ಥಳ. ಅಂಗಳದಲ್ಲಿ ಕಂಬ ನೆಟ್ಟು, ತೆಂಗಿನ ಗರಿ ಹೊದಿಸಿ, ಮಾವಿನ ತೋರಣ ಕಟ್ಟಿದರೆ ಚಪ್ಪರ ಸಿದ್ಧ. ಉತ್ತರ ಕರ್ನಾಟಕದವರಿಗೆ ಇದು ಹಂದರ. ದೊಡ್ಡ ಪಾತ್ರೆಗಳು ನೆರೆಮನೆಗಳಿಂದ ಬರುತ್ತಿದ್ದವು. ನೆಂಟರು ಅಕ್ಕಪಕ್ಕದ ಮನೆಗಳ ಜಗಲಿಯ ಮೇಲೆ ಮಲಗುತ್ತಿದ್ದರು. ಕೆಲವರಲ್ಲಿ ಹೆಣ್ಣಿನ ಮನೆಯಲ್ಲಿ, ಕೆಲವರಲ್ಲಿ ಗಂಡಿನ ಮನೆಯಲ್ಲಿ ಧಾರೆ. ಕೊಡವರಲ್ಲಿ ವಧುವಿನ ಮುಹೂರ್ತ ಅವಳ ಮನೆಯಲ್ಲಿ, ವರನ ಮುಹೂರ್ತ ಅವನ ಮನೆಯಲ್ಲಿ ಬೇರೆಬೇರೆಯಾಗಿಯೇ ನಡೆಯುತ್ತಿತ್ತು. ಅಲ್ಲಿ ಪುರೋಹಿತರಿಲ್ಲ, ದೀಪದೆದುರು ಹಿರಿಯರು ಅಕ್ಕಿಯೆರಚಿ ಹರಸುವುದೇ ಮುಖ್ಯ.

ಹಾಗೆಂದು ಆ ಚಪ್ಪರದ ಕೆಳಗೆ ಎಲ್ಲರೂ ಸಮಾನರಾಗಿದ್ದರು ಎನ್ನುವಂತಿಲ್ಲ. ಚಪ್ಪರಕ್ಕೆ ಸೊಪ್ಪು ತಂದವರು, ವಾದ್ಯ ನುಡಿಸಿದವರು ಊಟದ ಪಂಕ್ತಿಯಲ್ಲಿ ಕೂರಲಾಗದೆ ದೂರ ನಿಂತು ಕಾಯಬೇಕಾಗಿತ್ತು. ತಮ್ಮ ಮನೆಯ ಮದುವೆಯ ಮೆರವಣಿಗೆಯನ್ನು ಊರಬೀದಿಯಲ್ಲಿ ಒಯ್ಯುವುದಕ್ಕೂ, ದೇವಸ್ಥಾನದಲ್ಲಿ ಧಾರೆ ಎರೆಯುವುದಕ್ಕೂ ದಲಿತರಿಗೆ ಅಡ್ಡಿಯಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ದೇವಾಲಯದ ಬಾಗಿಲನ್ನು, ಧರ್ಮಛತ್ರವನ್ನು ಜಾತಿಯ ಕಾರಣದಿಂದ ಮುಚ್ಚುವುದನ್ನು 1955ರ ಕಾಯಿದೆ ಅಪರಾಧವೆಂದು ಸಾರಿತು. ಕಾಗದದ ಮೇಲೆ ದೊರೆತ ಈ ಹಕ್ಕು ಬೀದಿಗೆ ಇಳಿಯಲು ಇನ್ನೂ ಎಷ್ಟು ಕಾಲ ಬೇಕಾಯಿತು, ಕೆಲವೆಡೆ ಈಗಲೂ ಬೇಕಾಗಿದೆ ಎಂಬುದು ಪತ್ರಿಕೆ ಓದುವವರಿಗೆ ತಿಳಿದ ಸಂಗತಿ.

ಛತ್ರದ ಕಥೆ

‘ಛತ್ರ’ ಎಂಬ ಪದಕ್ಕೂ ಒಂದು ಚರಿತ್ರೆಯಿದೆ. ಸಂಸ್ಕೃತದ ‘ಸತ್ರ’ದಿಂದ ಬಂದ ಈ ಪದಕ್ಕೆ ದಾರಿಹೋಕರಿಗೆ ಅನ್ನ, ನೆರಳು ನೀಡುವ ತಾಣವೆಂಬುದು ಮೂಲ ಅರ್ಥ. ರಾಜರು, ವರ್ತಕರು, ದಾನಿಗಳು ಪುಣ್ಯಕ್ಕಾಗಿ ಇವನ್ನು ಕಟ್ಟಿಸಿದರು. ಬೆಂಗಳೂರಿನ ರೈಲು ನಿಲ್ದಾಣದ ಸಮೀಪ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಹೀಗೆ ಪ್ರಯಾಣಿಕರಿಗಾಗಿಯೇ ಹುಟ್ಟಿದ್ದು.

ಪಟ್ಟಣಗಳು ಬೆಳೆದಂತೆ ಅಂಗಳ ಕಿರಿದಾಯಿತು. ವಠಾರದ ಎರಡು ಕೋಣೆಯಲ್ಲಿ ಬಾಡಿಗೆಗಿದ್ದ ಗುಮಾಸ್ತ ಮಗಳ ಮದುವೆಗೆ ಚಪ್ಪರ ಹಾಕುವುದೆಲ್ಲಿ? ವಿಶಾಲವಾದ ಪಡಸಾಲೆ, ಬಾವಿ, ಅಡುಗೆಮನೆ ಎಲ್ಲವೂ ಇದ್ದ ಛತ್ರ ಕಣ್ಣಿಗೆ ಬಿತ್ತು. ಬರಬರುತ್ತ ಮದುವೆಗೆಂದೇ ಕಲ್ಯಾಣ ಮಂಟಪಗಳು ಎದ್ದವು. ಇಂದು ‘ಛತ್ರ ಸಿಕ್ಕಿತೇ?’ ಎಂದರೆ ಯಾರಿಗೂ ದಾರಿಹೋಕರ ನೆನಪಾಗುವುದಿಲ್ಲ. ಧರ್ಮಕ್ಕೆ ದೊರೆಯುತ್ತಿದ್ದದ್ದು ಬಾಡಿಗೆಗೆ ದೊರೆಯತೊಡಗಿತು. ಮುಹೂರ್ತಕ್ಕೆ ತಕ್ಕ ಛತ್ರ ಹುಡುಕುತ್ತಿದ್ದವರು ಛತ್ರ ಖಾಲಿಯಿರುವ ದಿನಕ್ಕೆ ತಕ್ಕ ಮುಹೂರ್ತ ಹುಡುಕತೊಡಗಿದರು.

ಇದರಿಂದ ಅನುಕೂಲವಾಗಲಿಲ್ಲವೆಂದಲ್ಲ. ಮನೆಯ ಹೆಂಗಸರು ವಾರಗಟ್ಟಲೆ ಅಡುಗೆಮನೆಯಲ್ಲಿ ಬೇಯುವುದು ತಪ್ಪಿತು. ಆದರೆ ಹಿಂದೆ ಊರು ಹಂಚಿಕೊಳ್ಳುತ್ತಿದ್ದ ಹೊರೆ ಈಗ ಬಹುಪಾಲು ಹೆಣ್ಣು ಹೆತ್ತವರ ಹೆಗಲಿಗೆ ಬಿತ್ತು. 1961ರ ಕಾಯಿದೆ ವರದಕ್ಷಿಣೆಯನ್ನು ನಿಷೇಧಿಸಿದೆ. ಆದರೂ ‘ಮದುವೆ ಚೆನ್ನಾಗಿ ಮಾಡಿಕೊಡಿ, ಸಾಕು’ ಎಂಬ ಮಾತಿನಲ್ಲಿ ದೊಡ್ಡ ಛತ್ರದ ಬಾಡಿಗೆಯೂ ಅಡಗಿರುತ್ತದೆ. ಇದಕ್ಕಾಗಿ ಹೊಲ ಮಾರಿದ, ಸಾಲ ಮಾಡಿದ ತಂದೆಯರು ಎಷ್ಟೋ ಮಂದಿ.

ಬೇರೆ ದಾರಿಗಳು

ಈ ಹೊರೆಯನ್ನು ಇಳಿಸಲು ನಮ್ಮಲ್ಲೇ ಪ್ರಯತ್ನಗಳು ನಡೆದವು. ಕುವೆಂಪು ಅವರು ಪುರೋಹಿತರಿಲ್ಲದ, ಆಡಂಬರವಿಲ್ಲದ ‘ಮಂತ್ರಮಾಂಗಲ್ಯ’ವನ್ನು ರೂಪಿಸಿದರು. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಆ ರೀತಿಯಲ್ಲೇ ನಡೆಸಿದರು. ಬೋಧಿಸಿದ್ದನ್ನು ಮೊದಲು ಸ್ವಂತ ಮನೆಯಲ್ಲೇ ಆಚರಿಸಿದ್ದು ಇಲ್ಲಿ ಗಮನಾರ್ಹ. ಧರ್ಮಸ್ಥಳದಲ್ಲಿ 1972ರಲ್ಲಿ ವೀರೇಂದ್ರ ಹೆಗ್ಗಡೆಯವರು ಸಾಮೂಹಿಕ ವಿವಾಹವನ್ನು ಆರಂಭಿಸಿದರು. ಒಂದೇ ಸ್ಥಳ, ಒಂದೇ ಮುಹೂರ್ತ, ಹಲವು ಜೋಡಿಗಳು, ಖರ್ಚು ಕ್ಷೇತ್ರದ್ದು. ಒಂದು ದಾರಿ ವೈಚಾರಿಕತೆಯದು, ಇನ್ನೊಂದು ಭಕ್ತಿಯದು. ಬಡವರ ಮನೆಯ ಸಾಲ ತಪ್ಪಿಸುವುದರಲ್ಲಿ ಮಾತ್ರ ಎರಡೂ ಕೂಡುತ್ತವೆ.

ಕಾನೂನು ಏನನ್ನುತ್ತದೆ? 1955ರ ಹಿಂದೂ ವಿವಾಹ ಕಾಯಿದೆ ವಧೂವರರಲ್ಲಿ ಒಬ್ಬರ ಕಡೆಯ ಸಂಪ್ರದಾಯದಂತೆ ವಿಧಿ ನಡೆಯಬೇಕೆನ್ನುತ್ತದೆಯೇ ಹೊರತು ಇಂಥ ಸ್ಥಳದಲ್ಲೇ ಆಗಬೇಕೆನ್ನುವುದಿಲ್ಲ. ಬೇರೆಬೇರೆ ಮತಧರ್ಮದವರೂ ಮದುವೆಯಾಗಲು ಅವಕಾಶ ನೀಡುವ 1954ರ ವಿಶೇಷ ವಿವಾಹ ಕಾಯಿದೆಯಂತೆ, ಮೂವತ್ತು ದಿನಗಳ ನೋಟೀಸಿನ ನಂತರ, ಮೂವರು ಸಾಕ್ಷಿಗಳೆದುರು, ವಿವಾಹಾಧಿಕಾರಿಯ ಕಚೇರಿಯಲ್ಲಿ ಮದುವೆಯಾಗಬಹುದು. ಹೆಚ್ಚಿನ ಶುಲ್ಕ ಕೊಟ್ಟು ಹತ್ತಿರದ ಬೇರೊಂದು ಸ್ಥಳದಲ್ಲೂ ಆಗಬಹುದು. ಅಂದರೆ ಛತ್ರವಿಲ್ಲದೆ ಮದುವೆಯಿಲ್ಲ ಎಂಬುದು ಶಾಸನವಲ್ಲ, ರೂಢಿ.

ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ನಿಮ್ಮ ಅಜ್ಜಿಯ, ತಾಯಿಯ, ಅಕ್ಕನ ಮದುವೆ ಎಲ್ಲಿ ನಡೆಯಿತು, ಎಷ್ಟು ದಿನ ನಡೆಯಿತು, ಯಾರು ಯಾರ ಜೊತೆ ಕೂತು ಉಂಡರು, ಹಣ ಯಾರದು – ಕೇಳಿ ಬರೆದುಕೊಳ್ಳಿ. ಮೂರು ಪುಟದಲ್ಲಿ ಮೂರು ತಲೆಮಾರಿನ ಚರಿತ್ರೆ ನಿಮ್ಮ ಕೈಯಲ್ಲಿರುತ್ತದೆ. ನಾಲ್ಕನೆಯ ಪುಟವನ್ನು ಬರೆಯಬೇಕಾದವರು ನೀವೇ.