ಚಿತ್ರ ಸುಟ್ಟಿತು, ಸ್ಟಿಲ್ ಉಳಿಯಿತು

1937ರ ಜುಲೈ 9ರಂದು ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿ ಫಾಕ್ಸ್ ಸಂಸ್ಥೆಯ ಫಿಲ್ಮ್ ಉಗ್ರಾಣ ಹೊತ್ತಿ ಉರಿಯಿತು. ಬೇಸಿಗೆಯ ಝಳಕ್ಕೆ ನೈಟ್ರೇಟ್ ಫಿಲ್ಮು ತಾನಾಗಿಯೇ ಕಿಡಿ ಹಿಡಿದಿತ್ತು. ಮೂಕಿ ಯುಗದ ದೊಡ್ಡ ತಾರೆ ಥೀಡಾ ಬಾರಾಳ ಚಿತ್ರಗಳು ಬಹುಪಾಲು ಅಲ್ಲೇ ಬೂದಿಯಾದವು. 1917ರ ‘ಕ್ಲಿಯೋಪಾತ್ರ’ದಲ್ಲಿ ಇಂದು ಉಳಿದಿರುವುದು ಚೂರುಪಾರು ದೃಶ್ಯ ಮಾತ್ರ. ಆದರೂ ಆಕೆಯ ಹಾವಿನ ಕುಸುರಿಯ ಉಡುಪು, ಕಾಡಿಗೆ ತೀಡಿದ ಕಣ್ಣು ನಮಗೆ ಚೆನ್ನಾಗಿ ಗೊತ್ತು. ಅದನ್ನು ಉಳಿಸಿಕೊಟ್ಟವು ಪ್ರಚಾರಕ್ಕೆಂದು ತೆಗೆದ ಸ್ಟಿಲ್‌ಗಳು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಡೇವಿಡ್ ಪಿಯರ್ಸ್ 2013ರಲ್ಲಿ ಸಿದ್ಧಪಡಿಸಿದ ವರದಿಯ ಲೆಕ್ಕ ಎದೆ ಹಿಂಡುವಂಥದ್ದು. 1912ರಿಂದ 1929ರವರೆಗೆ ಅಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರುವುದು ಶೇ. 14 ಮಾತ್ರ. ಹೋದ ಚಿತ್ರಗಳ ಪೈಕಿ ಎಷ್ಟಕ್ಕೋ ಈಗ ಕಾಗದದ ಮೇಲಿನ ಬೆಳ್ಳಿಯ ನೆರಳೇ ಗತಿ.

ಸ್ಟಿಲ್ ಎಂದರೆ ರೀಲಿನಿಂದ ಕತ್ತರಿಸಿದ ತುಂಡಲ್ಲ. ದೃಶ್ಯದ ಚಿತ್ರೀಕರಣ ಮುಗಿದ ಮೇಲೆ ನಟರನ್ನು ಅದೇ ಭಂಗಿಯಲ್ಲಿ ನಿಲ್ಲಿಸಿ, ಮುಕ್ಕಾಲಿಯ ಮೇಲಿಟ್ಟ ಭಾರಿ ಕ್ಯಾಮೆರಾದಿಂದ ಬೇರೆಯದೇ ಛಾಯಾಗ್ರಾಹಕ ತೆಗೆಯುತ್ತಿದ್ದ ಫೋಟೊ ಅದು. ನೆಗೆಟಿವ್ 8x10 ಇಂಚು. ಅದನ್ನು ನೇರವಾಗಿ ಕಾಗದದ ಮೇಲಿಟ್ಟು ಮುದ್ರಿಸಿದರೆ ಬಟ್ಟೆಯ ಎಳೆಯೂ ಕಾಣುವಷ್ಟು ಸ್ಪಷ್ಟ. ಪ್ರಗತಿ ಅಶ್ವತ್ಥನಾರಾಯಣರ ಸ್ಟಿಲ್‌ಗಳನ್ನು ನೋಡಿದ ಕನ್ನಡಿಗರಿಗೆ ಈ ಕಸುಬಿನ ಬೆಲೆ ಹೇಳಿಕೊಡಬೇಕಿಲ್ಲ.

ಸಂಗ್ರಹದ ಮೊದಲ ಘಟ್ಟ ಅಭಿಮಾನದ್ದು. ‘ಫೋಟೊಪ್ಲೇ’ಯಂಥ ಪತ್ರಿಕೆಗಳು ಬಂದ ಮೇಲೆ ತಾರೆಯರಿಗೆ ಪತ್ರಗಳ ಮಳೆ ಸುರಿಯಿತು, ಹಲವರು 25 ಸೆಂಟ್ ಪಡೆದು ಸಹಿ ಹಾಕಿದ ಚಿತ್ರ ಕಳಿಸುತ್ತಿದ್ದರು. ಹುಡುಗಿಯರು ಅವನ್ನು ಆಲ್ಬಮ್ಮಿಗೆ ಅಂಟಿಸಿದರು. ಮಾತಿನ ಚಿತ್ರ ಬಂದದ್ದೇ ತಡ, ಸ್ಟುಡಿಯೊಗಳಿಗೆ ಹಳೆಯ ತಾರೆಯರ ಮುಖ ಬೇಡವಾಯಿತು. 1935ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಚಲನಚಿತ್ರ ವಿಭಾಗ ತೆರೆದು ಸ್ಟಿಲ್‌ಗಳನ್ನೂ ಕೂಡಿಡತೊಡಗಿತು. ಆದರೆ ಹೆಚ್ಚಿನದನ್ನು ಉಳಿಸಿದ್ದು ಅಟ್ಟದ ಮೇಲಿನ ಆ ಆಲ್ಬಮ್ಮುಗಳೇ.

ಎರಡನೆಯ ಘಟ್ಟಕ್ಕೆ ಒಬ್ಬನ ಹೆಸರು ಹೇಳಲೇಬೇಕು: ಜಾನ್ ಕೋಬಾಲ್. ಆಸ್ಟ್ರಿಯಾದಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಲಂಡನ್ನಿನಲ್ಲಿ ನೆಲೆಸಿದವನು. ಸ್ಟುಡಿಯೊಗಳು ಕಸವೆಂದು ಎಸೆಯುತ್ತಿದ್ದುದನ್ನು ಆತ ಬಾಚಿ ತಂದ. ಅಷ್ಟಕ್ಕೇ ನಿಲ್ಲದೆ ‘ಇದನ್ನು ತೆಗೆದವರು ಯಾರು?’ ಎಂದು ಕೇಳಿದ. ಜಾರ್ಜ್ ಹರೆಲ್, ಕ್ಲಾರೆನ್ಸ್ ಸಿಂಕ್ಲೇರ್ ಬುಲ್‌ರಂಥ ಮರೆತುಹೋದ ಮುದುಕರನ್ನು ಹುಡುಕಿ ಮಾತಾಡಿಸಿದ, ಹಳೆಯ ನೆಗೆಟಿವ್‌ಗಳಿಂದ ಹೊಸದಾಗಿ ಮುದ್ರಣ ಮಾಡಿಸಿದ. 1980ರಲ್ಲಿ ಹಾಲಿವುಡ್ಡಿನ ಭಾವಚಿತ್ರಕಾರರ ಮೇಲೆ ದೊಡ್ಡ ಪುಸ್ತಕ ತಂದ. 22ರ ವಯಸ್ಸಿನಲ್ಲೇ, 1925ರಲ್ಲಿ, ಎಂಜಿಎಂನ ಭಾವಚಿತ್ರ ಸ್ಟುಡಿಯೊ ವಹಿಸಿಕೊಂಡ ರುತ್ ಹ್ಯಾರಿಯೆಟ್ ಲೂಯಿಸ್, ಕಿವಿ ಕೇಳಿಸದ ಮೆಲ್ಬೋರ್ನ್ ಸ್ಪರ್ ಮುಂತಾದವರಿಗೂ ಈಗ ಸಲ್ಲುತ್ತಿರುವ ಗೌರವದ ಹಿಂದೆ ಆ ಪ್ರಶ್ನೆಯಿದೆ. ತಾರೆಯ ಮುಖದಿಂದ ಕ್ಯಾಮೆರಾ ಹಿಂದಿನ ಕಣ್ಣಿನತ್ತ ಸಂಗ್ರಹಕಾರರ ಗಮನ ಹೊರಳಿದ್ದು ಈ ಕ್ಷೇತ್ರದ ಅತಿ ದೊಡ್ಡ ತಿರುವು.

ಮೂರನೆಯದು ವಿದ್ವತ್ತಿನ ಘಟ್ಟ. ಎರಿಕ್ ವಾನ್ ಸ್ಟ್ರೋಹೈಮ್‌ನ ‘ಗ್ರೀಡ್’ (1924) ಎಂಟು ಗಂಟೆಗೂ ಮೀರಿದ ಚಿತ್ರ. ಸ್ಟುಡಿಯೊ ಅದನ್ನು ಎರಡೂಕಾಲು ಗಂಟೆಗೆ ಕತ್ತರಿಸಿ ಉಳಿದದ್ದನ್ನು ಹಾಳುಗೆಡವಿತು. ಕತ್ತರಿಸಿದ ದೃಶ್ಯಗಳ ಸ್ಟಿಲ್‌ಗಳು ಮಾತ್ರ ಎಲ್ಲೆಲ್ಲೋ ಬದುಕಿದ್ದವು. 1972ರಲ್ಲಿ ಹರ್ಮನ್ ವೈನ್‌ಬರ್ಗ್ ಅವನ್ನು ಪುಸ್ತಕವಾಗಿ ಜೋಡಿಸಿದ. 1999ರಲ್ಲಿ ರಿಕ್ ಷ್ಮಿಡ್ಲಿನ್ ನೂರಾರು ಸ್ಟಿಲ್‌ಗಳನ್ನು ಉಳಿದ ರೀಲಿನ ನಡುವೆ ಹೊಂದಿಸಿ ಸುಮಾರು ನಾಲ್ಕು ಗಂಟೆಯ ರೂಪ ಕೊಟ್ಟ. ಲಾನ್ ಚೇನಿಯ ‘ಲಂಡನ್ ಆಫ್ಟರ್ ಮಿಡ್‌ನೈಟ್’ (1927) ಪೂರ್ತಿ ಕಳೆದುಹೋಗಿದ್ದರಿಂದ 2002ರ ಅದರ ಪುನಾರಚನೆಯಲ್ಲಿ ತೆರೆಯ ಮೇಲೆ ತೋರಿಸಲು ಸ್ಟಿಲ್‌ಗಳಲ್ಲದೆ ಬೇರೆ ದೃಶ್ಯವೇ ಇರಲಿಲ್ಲ. ಇಂಥ ಕೆಲಸದಲ್ಲಿ ಕೈಹಿಡಿಯುವುದು ಫೋಟೊದ ಮೂಲೆಯಲ್ಲಿರುವ ಪುಟ್ಟ ಅಂಕಿ. ಚಿತ್ರದ ನಿರ್ಮಾಣ ಸಂಖ್ಯೆ, ಅದರ ಪಕ್ಕ ಸ್ಟಿಲ್ ಸಂಖ್ಯೆ. ಬೆನ್ನಿಗಂಟಿಸಿದ ಪ್ರಚಾರದ ಚೀಟಿ, ಛಾಯಾಗ್ರಾಹಕನ ಮುದ್ರೆ ಸಿಕ್ಕರೆ ಇನ್ನೂ ಒಳ್ಳೆಯದು. ಅಂಚು ಚೆನ್ನಾಗಿಲ್ಲವೆಂದು ಕತ್ತರಿಸಿ ಚೌಕಟ್ಟಿಗೆ ಹಾಕಿದವರು ಇತಿಹಾಸವನ್ನೇ ಕತ್ತರಿಸಿದ್ದಾರೆ.

ಬೆಲೆ ಏರಿದಂತೆ ನಕಲಿಯೂ ಬಂತು. ಪಳಗಿದವರು ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದು ನೋಡುತ್ತಾರೆ. ಹೊಳಪು ಕೊಡುವ ರಾಸಾಯನಿಕ ಫೋಟೊ ಕಾಗದಕ್ಕೆ ಸೇರತೊಡಗಿದ್ದು 1950ರ ದಶಕದಲ್ಲಿ. ದೀಪದಡಿ ಕಾಗದ ನೀಲಿಯಾಗಿ ಮಿನುಗಿದರೆ ಅದು 1920ರದ್ದಲ್ಲ.

ಭಾರತದ ಕಥೆ ಇನ್ನೂ ದಾರುಣ. ಇಲ್ಲಿ ತಯಾರಾದ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಉಳಿದಿರುವುದು ಮೂವತ್ತರ ಆಸುಪಾಸು, ಅದರಲ್ಲೂ ಕೆಲವು ಬರೀ ತುಣುಕು. ಪುಣೆಯ ಫಿಲ್ಮ್ ಆರ್ಕೈವ್ ಹುಟ್ಟಿದ್ದೇ 1964ರಲ್ಲಿ, ಪಿ.ಕೆ. ನಾಯರ್ ಹುಡುಕಾಟಕ್ಕೆ ಹೊರಡುವ ಹೊತ್ತಿಗೆ ಬಹಳಷ್ಟು ಕೈತಪ್ಪಿತ್ತು. ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ, ಮೋಹನ್ ಭವನಾನಿ ನಿರ್ದೇಶನದ ‘ವಸಂತಸೇನಾ’ ಕೂಡ ಮೂಕಿ ಚಿತ್ರವೇ. ಅಂಥ ಚಿತ್ರದ ಒಂದೊಂದು ಸ್ಟಿಲ್ಲೂ ದಾಖಲೆ. ಹಳೆಯ ಟೂರಿಂಗ್ ಟಾಕೀಸಿನವರ, ನಾಟಕ ಕಂಪನಿಯವರ ಮನೆಗಳ ಟ್ರಂಕಿನಲ್ಲಿ ಮಸುಕಾದ ಫೋಟೊ ಸಿಕ್ಕರೆ ಲ್ಯಾಮಿನೇಟ್ ಮಾಡಿಸಬೇಡಿ, ಅಂಚು ಕತ್ತರಿಸಬೇಡಿ. ಬೆನ್ನು ತಿರುಗಿಸಿ ನೋಡಿ, ಗೊತ್ತಿರುವ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.