ಮಾಣಿಕ್ಯವಲ್ಲದ ಕೆಂಪು ಹರಳು

ಹಿರಿಯರು ತೀರಿಕೊಂಡ ಬಳಿಕ ವಾರಸುದಾರರು ಆಸ್ತಿ ಹಂಚಿಕೊಳ್ಳುವಾಗ ಅಜ್ಜಿಯ ಪೆಟ್ಟಿಗೆಯಿಂದ ಕೆಂಪು ಹರಳಿನ ಉಂಗುರವೊಂದು ಹೊರಬರುವುದುಂಟು. ಪತ್ತಾರನು ‘ಇದು ಮಾಣಿಕ್ಯವಲ್ಲ’ ಎಂದೊಡನೆ ಅದನ್ನು ಬರಿಯ ಗಾಜೆಂದು ಬಗೆದು ಲೆಕ್ಕದಿಂದ ಬಿಟ್ಟುಬಿಡುವುದೂ ಉಂಟು. ಆದರೆ ಮಾಣಿಕ್ಯವಲ್ಲದ ಕೆಂಪು ಹರಳುಗಳೆಲ್ಲವೂ ಗಾಜಲ್ಲ. ಬಾದಶಹರು ಬಹುವಾಗಿ ಆದರಿಸಿದ ಇನ್ನೊಂದು ಕೆಂಪು ರತ್ನವಿದೆ. ಫಾರ್ಸಿಯಲ್ಲಿ ಅದು ‘ಲಾಲ್’. ಇಂದಿನ ರತ್ನಶಾಸ್ತ್ರದಲ್ಲಿ ‘ಸ್ಪಿನೆಲ್’.

ಮಧ್ಯ ಏಷ್ಯಾದ ಬದಖ್‌ಶಾನ್ ಪರ್ವತಗಳ ಗಣಿಗಳು ಈ ರತ್ನಕ್ಕೆ ಪ್ರಸಿದ್ಧವಾಗಿದ್ದವು. ಹನ್ನೊಂದನೆಯ ಶತಮಾನದ ಮಹಾವಿದ್ವಾಂಸ ಅಲ್‌ಬಿರೂನಿ ತಮ್ಮ ರತ್ನಗ್ರಂಥದಲ್ಲಿ ಲಾಲನ್ನೂ ಯಾಕೂತನ್ನೂ, ಅಂದರೆ ಮಾಣಿಕ್ಯವನ್ನೂ, ಬೇರೆಬೇರೆಯಾಗಿಯೇ ವಿವರಿಸಿದರು. ಒಂದೇ ಗಾತ್ರದ ಎರಡು ಹರಳುಗಳಲ್ಲಿ ಲಾಲ್ ಹಗುರವೆಂಬುದನ್ನು ತೂಗಿ ಕಂಡುಕೊಂಡಿದ್ದರು. ಯುರೋಪಿನಲ್ಲಿ ಈ ಭೇದವನ್ನು ಶಾಸ್ತ್ರೀಯವಾಗಿ ತೋರಿಸಿದುದು 1783ರಲ್ಲಿ, ರೋಮೆ ದ ಲಿಲ್ ಎಂಬ ಫ್ರೆಂಚ್ ವಿದ್ವಾಂಸನು. ಬ್ರಿಟಿಷ್ ರಾಜಕಿರೀಟದ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಎಂಬುದೂ ವಾಸ್ತವದಲ್ಲಿ ಸ್ಪಿನೆಲ್ಲೇ ಆಗಿದೆ.

ಮೊಘಲ್ ಬಾದಶಹರು ಲಾಲ್ ಹರಳುಗಳ ಮೇಲೆ ತಮ್ಮ ಹೆಸರುಗಳನ್ನು ಕೆತ್ತಿಸುತ್ತಿದ್ದರು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ 133.5 ಕ್ಯಾರೆಟ್ ತೂಕದ ಹರಳಿನ ಮೇಲೆ ಜಹಾಂಗೀರ್, ಶಾಹಜಹಾನ್ ಮತ್ತು ಔರಂಗಜೇಬ್ ಈ ಮೂವರ ಬಿರುದುಗಳಿವೆ. ಅಲಖನೂರ, ರಾಯಬಾಗಗಳ ನಮ್ಮ ಸೀಮೆಯು ಒಂದು ಕಾಲದಲ್ಲಿ ವಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿತ್ತು. 1686ರಲ್ಲಿ ಆ ವಿಜಾಪುರವನ್ನು ಗೆದ್ದುಕೊಂಡವನು ಇದೇ ಔರಂಗಜೇಬ್. ವಿಜಾಪುರ ಅವನ ಮನೆತನದ ಕೈಯಲ್ಲಿ ಉಳಿಯಲಿಲ್ಲ, ಹರಳೂ ಉಳಿಯಲಿಲ್ಲ. ಖುಲ್ದಾಬಾದಿನಲ್ಲಿ ಅವನ ಸಮಾಧಿ ತೆರೆದ ಆಕಾಶದ ಕೆಳಗಿದೆ.

ಸ್ಪಿನೆಲ್ ಗಟ್ಟಿಯಾದ ಹರಳು. ಗಡಸುತನದ ಮಾಪನದಲ್ಲಿ ಅದು 8, ಮಾಣಿಕ್ಯ 9, ವಜ್ರ 10. ಆದುದರಿಂದ ಇವೆರಡರೊಡನೆ ಒಂದೇ ಡಬ್ಬಿಯಲ್ಲಿಟ್ಟರೆ ಅದಕ್ಕೆ ಗೀರು ಬೀಳಬಹುದು. ಪ್ರತ್ಯೇಕವಾಗಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಡಬೇಕು. ಉಗುರುಬೆಚ್ಚಗಿನ ಸಾಬೂನು ನೀರು ಮತ್ತು ಮೃದುವಾದ ಬ್ರಷ್ ಸಾಕು. ಉಂಗುರಕ್ಕೆ ಬೆಸುಗೆ ಹಾಕುವಾಗ ಹರಳಿಗೆ ಬೆಂಕಿಯ ಶಾಖ ತಗಲದಂತೆ ನೋಡಿಕೊಳ್ಳಬೇಕು. ಕೃತಕ ಸ್ಪಿನೆಲ್ ಕೂಡ ಮಾರುಕಟ್ಟೆಯಲ್ಲಿರುವುದರಿಂದ ಕಣ್ಣಂದಾಜು ಸಾಲದು. ರತ್ನ ಪರೀಕ್ಷಾಲಯದ ಪ್ರಮಾಣಪತ್ರ ಅಗತ್ಯ.

ಇಂತಹ ಹರಳು ಅದೃಷ್ಟ ತರುತ್ತದೆ, ದೃಷ್ಟಿ ನಿವಾರಿಸುತ್ತದೆ ಎಂದು ನಂಬುವವರಿದ್ದಾರೆ. ಪವಿತ್ರ ಹಜರುಲ್ ಅಸ್ವದ್ ಶಿಲೆಯ ಮುಂದೆ ನಿಂತು, ಅದು ತಾನಾಗಿ ಲಾಭವನ್ನಾಗಲಿ ಹಾನಿಯನ್ನಾಗಲಿ ಮಾಡಲಾರದೆಂದು ಹಝ್ರತ್ ಉಮರ್(ರ) ಹೇಳಿದರು. ಹಾಗಿರುವಾಗ ಉಂಗುರದ ಹರಳಿಗೆ ಆ ಶಕ್ತಿ ಎಲ್ಲಿಂದ ಬಂದೀತು? ಹರಳಿನಿಂದ ನಮಗೆ ಬರುವುದು ಹೊಣೆಗಾರಿಕೆ ಮಾತ್ರ. ಮಾರುವವನು ಲಾಲನ್ನು ಮಾಣಿಕ್ಯವೆಂದು ಮಾರಿದರೆ ಅದು ವಂಚನೆ. ಹಂಚುವವನು ಲಾಲನ್ನು ಗಾಜೆಂದು ತಳ್ಳಿಹಾಕಿದರೆ ಹಕ್ಕುದಾರರ ಪಾಲಿಗೆ ಅನ್ಯಾಯ. ಆದುದರಿಂದ ಹಂಚುವ ಮುನ್ನ ಪರೀಕ್ಷಿಸೋಣ, ನಿಜವಾದ ಹೆಸರಿನಿಂದಲೇ ಬೆಲೆ ಕಟ್ಟೋಣ. ಅಲ್ಲಾಹನು ನಮ್ಮ ಅಳತೆ ತೂಕಗಳಲ್ಲಿ ಪ್ರಾಮಾಣಿಕತೆಯನ್ನು ಅನುಗ್ರಹಿಸಲಿ. ಆಮೀನ್.