ಜಾನಪದ ಲೋಕದಲ್ಲಿ ಒಂದು ದಿನ, ನಮ್ಮ ಕಣದಲ್ಲಿ ಒಂದು ದಿನ



ಮಕ್ಕಳಿಗೆ ಹಳೆಯ ಕಾಲದ ಬೇಸಾಯ ತೋರಿಸಬೇಕು, ಎಲ್ಲಿಗೆ ಕರೆದುಕೊಂಡು ಹೋಗೋಣ, ಅಲ್ಲಿ ಏನೇನು ನೋಡಬೇಕು ಎಂದು ಹೊಸೂರು, ತಳಿ, ಡೆಂಕಣಿಕೋಟೆ, ತಾಳವಾಡಿ ಕಡೆಯ ಸದಸ್ಯರು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಡತ ಹಿಡಿದ ಕೈ, ಬರೆದಿಡದಿದ್ದರೆ ಸಮಾಧಾನವಿಲ್ಲ.

ಹಳೆಯ ಮನೆ, ಕೊಟ್ಟಿಗೆ, ಉಪಕರಣಗಳನ್ನು ಒಂದು ಬಯಲಿನಲ್ಲಿ ಊರಿನ ಹಾಗೆ ಇಟ್ಟು, ಅಲ್ಲಿಯೇ ಹಳೆಯ ಕೆಲಸಗಳನ್ನು ಮಾಡಿ ತೋರಿಸುವ ಪದ್ಧತಿ ಯೂರೋಪಿನಿಂದ ಬಂದದ್ದು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ 1891ರಲ್ಲಿ ತೆರೆದ ಸ್ಕಾನ್ಸೆನ್ ಇದಕ್ಕೆ ಹೆಸರಾದದ್ದು. ನಮ್ಮ ರಾಜ್ಯದಲ್ಲಿ ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿ 1996ರಿಂದ ದಕ್ಷಿಣಚಿತ್ರ ಇದೆ. ಅಲ್ಲಿ ದಕ್ಷಿಣದ ರಾಜ್ಯಗಳ ಮನೆಗಳ ನಡುವೆ ಇಳಕಲ್ಲಿನ ನೇಕಾರರ ಮನೆಯನ್ನೂ ಕಾಣಬಹುದು. ಆದರೆ ರಾಗಿ ಸೀಮೆಯವರಾದ ನಮಗೆ ಹತ್ತಿರವಾದದ್ದು ರಾಮನಗರದ ಜಾನಪದ ಲೋಕ.

ಇದನ್ನು ಕಟ್ಟಿದವರು ನಾಗಮಂಗಲ ತಾಲ್ಲೂಕು ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು (1915–2005). ಐ.ಎ.ಎಸ್. ಅಧಿಕಾರಿಯಾಗಿದ್ದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಹುಟ್ಟುಹಾಕಿದರು. ಹಳ್ಳಿ ಹಳ್ಳಿ ತಿರುಗಿ ಹಾಡು, ಕಥೆಗಳನ್ನು ಧ್ವನಿಮುದ್ರಿಸಿ, ಜನ ಮೂಲೆಗೆ ಎಸೆದಿದ್ದ ಸಾಮಾನುಗಳನ್ನು ಕೇಳಿ ತಂದು ಕೂಡಿಸಿದರು. ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕ ಹದಿನೈದು ಎಕರೆ ಜಾಗದಲ್ಲಿ 1994ರಲ್ಲಿ ಜಾನಪದ ಲೋಕ ಆರಂಭವಾಯಿತು. ನಿವೃತ್ತಿಯ ನಂತರ ಮನುಷ್ಯ ಎಷ್ಟು ಕೆಲಸ ಮಾಡಬಹುದು ಎನ್ನುವುದನ್ನು ನಮ್ಮಂಥವರು ನೋಡಿ ನಾಚಬೇಕು.

ನಮ್ಮ ಕಡೆಯವರು ತಳಿ, ಆನೇಕಲ್, ಹಾರೋಹಳ್ಳಿ ಮಾರ್ಗವಾಗಿ ಹೋದರೆ ಬೆಂಗಳೂರಿನ ಗದ್ದಲ ತಪ್ಪುತ್ತದೆ. ವಾರದ ರಜೆ ಯಾವತ್ತು ಎಂದು ಫೋನಿನಲ್ಲಿ ವಿಚಾರಿಸಿಕೊಂಡೇ ಹೊರಡಿ. ಊಟಕ್ಕೆ ಪಕ್ಕದಲ್ಲೇ ಕಾಮತ್ ಲೋಕರುಚಿ ಇದೆ.

ಒಳಗೆ ಹೋದ ಮಕ್ಕಳು ನೇರವಾಗಿ ಲೋಕಮಹಲಿನ ತೊಗಲುಗೊಂಬೆ, ಯಕ್ಷಗಾನದ ವೇಷಗಳ ಕಡೆ ಓಡುತ್ತಾರೆ. ನನ್ನ ಸಲಹೆ: ಮೊದಲು ಲೋಕಮಾತಾ ಮಂದಿರಕ್ಕೆ ಕರೆದುಕೊಂಡು ಹೋಗಿ. ಅಡುಗೆಮನೆ ಸಾಮಾನು, ಬೇಸಾಯದ ಉಪಕರಣ, ಅಳತೆಯ ಪಾತ್ರೆ, ಧಾನ್ಯ ತುಂಬುವ ವಾಡೆಗಳು ಇರುವುದು ಅಲ್ಲಿ. ಬೊಂಬೆ ಆಮೇಲೆ ನೋಡಿದರೂ ನಡೆಯುತ್ತದೆ.

ನಾವು ಹೋದಾಗ ಜವಳಗಿರಿಯ ಒಬ್ಬ ಅಜ್ಜಿಯೂ ಏಳನೇ ತರಗತಿಯ ಮೊಮ್ಮಗಳೂ ಜೊತೆಗಿದ್ದರು. ಅಳತೆಯ ಪಾತ್ರೆಗಳ ಮುಂದೆ ಹುಡುಗಿ ನಿಂತು, ಹೆಸರಿನ ಚೀಟಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು. ಓದಿ ಮುಗಿಸುವ ಮೊದಲೇ ಅಜ್ಜಿ, "ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ" ಎಂದು ಗಡಗಡನೆ ಹೇಳಿದರು. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಅಳತೆಗೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನಬೇಕು ಎಂದೂ ಹೇಳಿಕೊಟ್ಟರು. ಅಜ್ಜಿಗೆ ಓದು ಬಾರದು. ಮೊಮ್ಮಗಳು ಓದುತ್ತಿರುವುದು ತಮಿಳು ಮಾಧ್ಯಮದಲ್ಲಿ, ಕನ್ನಡ ಅಕ್ಷರ ಕಲಿತದ್ದು ನಮ್ಮ ಸಂಘದ ರಜಾ ತರಗತಿಯಲ್ಲಿ.

2006ರ ಕಾಯ್ದೆಯಂತೆ ಶಾಲೆಯಲ್ಲಿ ತಮಿಳು ಕಲಿಯಲೇಬೇಕು. ಕಲಿಯಲಿ, ನಾವಿರುವ ರಾಜ್ಯದ ಭಾಷೆ ಅದು. ಆದರೆ ಕೂರಿಗೆ, ಕುಂಟೆ, ಹಲುಬೆ, ಮೆದೆ, ಹಗೇವು ಎಂಬ ಮಾತುಗಳನ್ನು ಕನ್ನಡ ಮಾಧ್ಯಮದ ಶಾಲೆಯಲ್ಲೂ ಯಾರೂ ಕಲಿಸುವುದಿಲ್ಲ. ಅವು ಇರುವುದು ಆ ಅಜ್ಜಿಯ ಬಾಯಲ್ಲಿ. ಆದ್ದರಿಂದ ಪ್ರವಾಸಕ್ಕೆ ಮಕ್ಕಳನ್ನು ಮಾತ್ರ ಕಳಿಸಬೇಡಿ, ಮನೆಯ ಹಿರಿಯರೊಬ್ಬರನ್ನೂ ಕಳಿಸಿ. ಬಸ್ಸಿನಲ್ಲಿ ಸೀಟು ಸಾಲದಿದ್ದರೆ ಪದಾಧಿಕಾರಿಗಳು ಉಳಿದುಕೊಳ್ಳಲಿ.

ಹುಡುಗಿ ವಾಡೆಯ ಬಗ್ಗೆ ಕೇಳಿದಾಗ ಹಗೇವಿನ ಮಾತು ಬಂತು. ನೆಲದಲ್ಲಿ ತೋಡಿದ ಕಣಜ ಅದು; ಬಾಯಿ ಕಿರಿದು, ಒಳಗೆ ಅಗಲ. ಒಳಗೋಡೆಗೆ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಾರೆ. ರಾಗಿಗೆ ಹುಳ ಹಿಡಿಯುವುದು ಕಡಿಮೆ, ವರ್ಷಗಟ್ಟಲೆ ಕೆಡದೆ ಇರುತ್ತದೆ. ಬರಗಾಲದಲ್ಲಿ ಊರನ್ನು ಕಾಪಾಡಿದ್ದು ಈ ಗುಂಡಿಗಳೇ. ತೆರೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಪ್ರಾಣ ತೆಗೆಯುತ್ತದೆ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ನಮ್ಮ ಮನೆಯ ಹಗೇವನ್ನು ಮುಚ್ಚಿಸಿ ಅದರ ಮೇಲೆ ಬಚ್ಚಲು ಕಟ್ಟಿಸಿದವನು ನಾನೇ. ಆಗ ಅದು ಜಾಣತನ ಅನ್ನಿಸಿತ್ತು.

ಮುಂದಿನದು ಆಯಗಾರ ಮಾಳ. ಬಡಗಿ, ಕಮ್ಮಾರ, ಕುಂಬಾರ, ಅಗಸ, ತಳವಾರ, ತೋಟಿ, ನೀರಗಂಟಿ ಮುಂತಾದವರಿಗೆ ವರ್ಷದ ದುಡಿಮೆಗೆ ಸುಗ್ಗಿಯ ಕಣದಲ್ಲಿ ಕೊಡುತ್ತಿದ್ದ ಧಾನ್ಯದ ಪಾಲೇ ಆಯ. ಮಕ್ಕಳಿಗೆ ಇದನ್ನು ವಿವರಿಸುವಾಗ ಅರ್ಧ ಮಾತ್ರ ಹೇಳಬೇಡಿ. ಪಾಲು ಎಲ್ಲರಿಗೂ ಸಿಗುತ್ತಿತ್ತು, ಮರ್ಯಾದೆ ಎಲ್ಲರಿಗೂ ಸಿಗುತ್ತಿರಲಿಲ್ಲ. ಕಣದ ಅಂಚಿನಲ್ಲಿ ನಿಂತು ಕಾದವರ ಮಕ್ಕಳು ಮೊಮ್ಮಕ್ಕಳೂ ನಮ್ಮ ಸಂಘದ ಸದಸ್ಯರೇ.

ಈಗ ನಮ್ಮೂರಿನ ವಿಷಯ. ರಾಮನಗರದಲ್ಲಿ ವಸ್ತುಗಳಿವೆ, ಜವಳಗಿರಿಯಲ್ಲಿ ಇನ್ನೂ ಬೆಳೆಯೇ ಇದೆ. ಮಳೆ ನಂಬಿ ರಾಗಿ ಬಿತ್ತುವವರು, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಹಾಕುವವರು ಇಂದಿಗೂ ಇದ್ದಾರೆ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ನಮ್ಮ ಕಾಡಿಗೆ ಬರುವುದೂ ತೆನೆ ಮಾಗುವ ಕಾಲಕ್ಕೇ. ರಾತ್ರಿ ಅಟ್ಟಣೆ ಮೇಲೆ ಕಾವಲು, ಹಗಲು ಕೊಯ್ಲು. ಕೊಯ್ದದ್ದನ್ನು ಮೆದೆ ಹಾಕಿ ನಿಧಾನವಾಗಿ ಬಡಿಯಲು ಪುರಸೊತ್ತಿಲ್ಲದೆ ಅನೇಕರು ಡಾಂಬರು ರಸ್ತೆಯ ಮೇಲೆ ಹರಡಿ, ಓಡಾಡುವ ಗಾಡಿಗಳಿಂದಲೇ ತುಳಿಸುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಕಣ ಮಾಡಲು ಆಳು ಬೇಕು, ಎತ್ತು ಬೇಕು, ಜಾಗ ಬೇಕು.

ಆದರೂ ಈ ಸುಗ್ಗಿಗೆ ಒಂದು ದಿನವಾದರೂ ಹಳೆಯ ಕಣ ಮಾಡೋಣ ಎಂದು ಕಾರ್ಯಕಾರಿ ಸಮಿತಿ ಒಪ್ಪಿದೆ. ಮುಂಜಾನೆ ನೆಲ ಕೆತ್ತಿ, ನೀರು ಚಿಮುಕಿಸಿ, ಸಗಣಿ ಸಾರಿಸುವುದು. ಬಿಸಿಲೇರಿದ ಮೇಲೆ ತೆನೆ ಹರಡಿ ರೋಣಗಲ್ಲು, ಅಂದರೆ ನಮ್ಮ ಕಡೆಯ ಗುಂಡು, ಎಳೆಸುವುದು. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ಸಂಜೆ ಗಾಳಿ ಎದ್ದಾಗ ಮೊರ ಹಿಡಿದು ತೂರುವುದು, ರಾಶಿ ಪೂಜೆ, ಅಳತೆ. ಅಳೆಯುವಾಗ ಎಣಿಸುವವಳು ಆ ಏಳನೇ ತರಗತಿಯ ಹುಡುಗಿ. ಪ್ರತಿಯೊಂದು ವಸ್ತುವಿನ ಹೆಸರನ್ನೂ ಹಿರಿಯರು ಹೇಳಬೇಕು, ಮಕ್ಕಳು ಕನ್ನಡದಲ್ಲಿ ಬರೆದುಕೊಳ್ಳಬೇಕು. ಒಂದೇ ಸಾಮಾನಿಗೆ ಬೇರಿಕೆಯವರು ಒಂದು, ತಾಳವಾಡಿಯವರು ಇನ್ನೊಂದು ಹೆಸರು ಹೇಳಿದರೆ ಎರಡನ್ನೂ ಬರೆಯಲಿ, ಜಗಳ ಬೇಡ. ಬೆಳೆ ಮಾಗುವುದನ್ನು ನೋಡಿಕೊಂಡು ತಾರೀಖನ್ನು ಈ ಪುಟದಲ್ಲೇ ಪ್ರಕಟಿಸುತ್ತೇವೆ.

ಹೊಲದವರು ಒಪ್ಪಿದ್ದಾರೆ. ಮೊರ, ಜರಡಿ, ಕೊಳಗ ಸಿಕ್ಕಿವೆ. ಗುಂಡು ಒಬ್ಬರ ಮನೆಯ ಮುಂದೆ ಮೆಟ್ಟಿಲಾಗಿ ಬಿದ್ದಿತ್ತು, ಕೇಳಿದ್ದಕ್ಕೆ ಕೊಟ್ಟರು. ಕಣದ ಕೆಲಸಕ್ಕೆ ಪಳಗಿದ ಜೋಡಿ ಎತ್ತು ಮಾತ್ರ ಇನ್ನೂ ಸಿಕ್ಕಿಲ್ಲ. ಸುತ್ತಮುತ್ತಲ ಊರುಗಳಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಸಂಘದ ಕಚೇರಿಗೆ ತಿಳಿಸಿ. ಮೇವು, ಸಾಗಣೆಯ ಖರ್ಚು ಸಂಘದ್ದು.

– ಕಾರ್ಯದರ್ಶಿ